ಶಿಲ್ಪದ ಮುಖ ಸಪಾಟು, ಗೋಡೆ ಮೇಲೆ ನಾಲ್ಕು ನೆರಳು: ಅರ್ಜೆಂಟ್

ನೆರಳುಗಳ್ಳ: ತಲೆ ಕೆಟ್ಟು ಗೊಬ್ಬರ ಆಗಿದೆ. ಒಂದೇ ಶಿಲ್ಪಕ್ಕೆ ನಾಲ್ಕು ಟ್ರ್ಯಾಕ್ ಸ್ಪಾಟ್ (ಮೇಲಿನ ಹಳಿಗೆ ಸಿಗಿಸೋ ಸ್ಪಾಟ್ ಲೈಟ್), ನಾಲ್ಕೂ ಫುಲ್. ಆದ್ರೂ ಕಣ್ಣು ಮೂಗು ಎದ್ದು ಕಾಣಲ್ಲ. ಹಣೆ, ಕೆನ್ನೆ ಮೇಲೆ ಬಿಳಿ ಚುಕ್ಕೆ ಬೇರೆ. ಐದನೇದು ಹಾಕ್ಲಾ? ನಾಡಿದ್ದು ಉದ್ಘಾಟನೆ.

ವ್ಯಾಟ್‌ವೀರ: ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋ ಅಂಕ, 100ಕ್ಕೆ) ಎಷ್ಟು? 80ರ ಲ್ಯಾಂಪ್ ಆದ್ರೆ ಇದೇ ಗತಿ. 95, ಜೊತೆಗೆ ಆರ್9 ಚೆನ್ನಾಗಿರೋದು ತಗೊಳ್ಳಿ.

ಕಲ್ಲುಮಣ್ಣು: ಯಾವ ಕಲ್ಲು, ಟ್ರ್ಯಾಕ್ ಎಷ್ಟೆತ್ತರ, ಬೀಮ್ (ಬೆಳಕು ಹರಡೋ ಕೋನ) ಎಷ್ಟು ಡಿಗ್ರಿ? ಒಂದೂ ಹೇಳದೆ ಐದನೇ ಲೈಟಿನ ಮಾತು!

ನೆರಳುಗಳ್ಳ: ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಟ್ರ್ಯಾಕ್ 3.6 ಮೀಟರ್‌ನಲ್ಲಿ, ಮುಖ 1.6ರಲ್ಲಿ. ಬೀಮ್ 10 ಡಿಗ್ರಿ. ಶಿಲ್ಪದಿಂದ ಗೋಡೆಗೆ ಅರ್ಧ ಮೀಟರ್.

ವ್ಯಾಟ್‌ವೀರ: ಆರ್9 ನೋಡಿದ್ರಾ? ನಮ್ಮ ಸೆಟಪ್‌ನಲ್ಲಿ ಎಲ್ಲಾ ಲ್ಯಾಂಪೂ 97.

ಕಲ್ಲುಮಣ್ಣು: ಆರ್9 ಗಾಢ ಕೆಂಪಿನ ಲೆಕ್ಕ ಸ್ವಾಮಿ, ಕರಿಕಲ್ಲಿಗೆ ಅದನ್ನ ಕಟ್ಕೊಂಡು ಏನಾಗಬೇಕು? ಪಾಲಿಶ್ ಆದ ಕರಿಕಲ್ಲು ಬಿದ್ದ ಬೆಳಕನ್ನ ಬಹುಪಾಲು ನುಂಗುತ್ತೆ, ಉಳಿದದ್ದನ್ನ ಕನ್ನಡಿ ಥರ ತೋರಿಸುತ್ತೆ. ಆ ಚುಕ್ಕೆಗಳು ಲ್ಯಾಂಪಿನ ಪ್ರತಿಬಿಂಬ. ಐದನೇ ಲೈಟ್ ಹಾಕಿದ್ರೆ ಐದನೇ ಚುಕ್ಕೆ, ಐದನೇ ನೆರಳು.

ನಾಲ್ಕೂ ಆರಿಸಿ. ಶಿಲ್ಪವನ್ನ ಗೋಡೆಯಿಂದ 1.5 ಮೀಟರ್ ಮುಂದೆ ತನ್ನಿ, ನೆರಳು ನೆಲಕ್ಕಿಳಿಯುತ್ತೆ. ಮುಖ್ಯ ಲೈಟ್ ಒಂದೇ, ಲಂಬಕ್ಕೆ 30 ಡಿಗ್ರಿ ಓರೆ. ನಿಮ್ಮ ಎತ್ತರಕ್ಕೆ ಮುಖದಿಂದ 1.15 ಮೀಟರ್ ಆಚೆ, ಅದೂ ನೇರ ಎದುರಿಗಲ್ಲ, 45 ಡಿಗ್ರಿ ಪಕ್ಕಕ್ಕೆ. ಅಲ್ಲಿಂದ 10 ಡಿಗ್ರಿ ಬೀಮ್ ಬರೀ 40 ಸೆಂ.ಮೀ. ಅಗಲ ಬೀಳುತ್ತೆ, 24 ಡಿಗ್ರಿದು ಹತ್ತಿರತ್ತಿರ 1 ಮೀಟರ್. 24 ಹಾಕಿ, ಮುಂದೆ ಫ್ರಾಸ್ಟ್ ಫಿಲ್ಟರ್ ಕೊಡಿ; ಚುಕ್ಕೆ ಹರಡಿ ಮೆತ್ತಗಾಗುತ್ತೆ. ಇನ್ನೊಂದು ಬದಿಯಿಂದ 36 ಡಿಗ್ರಿದು, ಮುಖ್ಯ ಲೈಟಿನ ಮೂರನೇ ಒಂದು ಭಾಗ ಸಾಕು. ಮಿಕ್ಕ ಎರಡಕ್ಕೆ ಬೆಳಕನ್ನ ಅಗಲ ಮಾಡೋ ಸ್ಪ್ರೆಡ್ ಲೆನ್ಸ್ ಹಾಕಿ ಹಿಂದಿನ ಗೋಡೆಗೆ ತಿರುಗಿಸಿ. ಗೋಡೆ ಬೆಳಗಿದ್ರೆ ಕಪ್ಪು ಅಂಚು ತಾನಾಗೇ ಬಿಡಿಸಿಕೊಳ್ಳುತ್ತೆ.

ಟ್ರ್ಯಾಕ್‌ತಮ್ಮ: ಇಷ್ಟೆಲ್ಲ ಯಾಕಣ್ಣ, ಲ್ಯಾಂಪ್ ಮುಂದೆ ಹನಿಕೋಂಬ್ (ಜೇನುಗೂಡಿನಂಥ ಜಾಲರಿ) ಹಾಕಿದ್ರೆ ಗ್ಲೇರ್ ಹೋಗುತ್ತೆ.

ಕಲ್ಲುಮಣ್ಣು: ಅದು ನೋಡೋರ ಕಣ್ಣಿಗೆ ಲ್ಯಾಂಪ್ ಹೊಡೆಯದಂತೆ ತಡೆಯೋದು. ಕಲ್ಲಿನ ಮೇಲಿನ ಚುಕ್ಕೆ ಹಾಗೇ ಇರುತ್ತೆ.

ವ್ಯಾಟ್‌ವೀರ: 4000 ಕೆಲ್ವಿನ್‌ನ ಬಿಳಿ ಬೆಳಕು ಹಾಕದೆ ಗ್ರಾನೈಟ್‌ಗೆ ಕಳೆ ಬರಲ್ಲ.

ಟ್ರ್ಯಾಕ್‌ತಮ್ಮ: ಆಸ್ಪತ್ರೆ ಬೆಳಕು ಅದು! ಸ್ವಲ್ಪ ಹಳದಿ ಇರೋ 3000 ಹಾಕಿ.

ನೆರಳುಗಳ್ಳ: ಮೂಗು ಬಂತು! ಆದ್ರೆ ಡಿಮ್ ಮಾಡಿದ ಲೈಟ್ ಗುಂಯ್ ಅಂತಿದೆ, ಮೊಬೈಲ್ ವಿಡಿಯೋದಲ್ಲಿ ಪಟ್ಟೆ ಪಟ್ಟೆ.

ಕಲ್ಲುಮಣ್ಣು: ಹಳೇ ಬಲ್ಬಿನ ಕಾಲದ ಲೀಡಿಂಗ್ ಎಡ್ಜ್ (ಕರೆಂಟ್ ಅಲೆಯ ಮುಂಭಾಗ ಕತ್ತರಿಸೋ) ಡಿಮ್ಮರ್ ಇರಬೇಕು. ಡ್ರೈವರ್‌ಗೆ (ಎಲ್‌ಇಡಿಗೆ ಕರೆಂಟ್ ಕೊಡೋ ಸರ್ಕ್ಯೂಟ್) ಒಪ್ಪೋ ಟ್ರೇಲಿಂಗ್ ಎಡ್ಜ್ (ಅಲೆಯ ಹಿಂಭಾಗ ಕತ್ತರಿಸೋದು) ಸಿಗೋವರೆಗೂ ಡಿಮ್ಮರ್ ಬೈಪಾಸ್ ಮಾಡಿಸಿ, ಲ್ಯಾಂಪ್ ಫುಲ್ ಇಟ್ಟು 0.3 ಮತ್ತು 0.15 ಎನ್‌ಡಿ ಜೆಲ್ (ಬಣ್ಣ ಬದಲಿಸದೆ ಬೆಳಕು ತಗ್ಗಿಸೋ ಬೂದು ಹಾಳೆ) ಒಂದರ ಮೇಲೊಂದು ಹಾಕಿ. ಶೇ. 35 ಬೆಳಕು ಉಳಿಯುತ್ತೆ.

ಟ್ರ್ಯಾಕ್‌ತಮ್ಮ: ನಂದು ಕಂಚು, ಗಾಜಿನ ಪೆಟ್ಟಿಗೆ ಒಳಗೆ. ಅದಕ್ಕೂ 30 ಡಿಗ್ರಿನೇನಾ?