ಉಪ್ಪಿನಕಾಯಿ ಬಾಟ್ಲಿಗೆ ಸ್ವಂತ ಹೆಸರೋ, ಬೇರೆ ಹೆಸರೋ?

ಮಿಡಿಭರಣಿ:
ಸಾಗರದ ಹತ್ತಿರ, ಮನೆಯಲ್ಲೇ ತಯಾರಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ. ಇನ್ನು ಮುಂದೆ ಲೇಬಲ್ ಹಚ್ಚಿ ಅಂಗಡಿಗಳಿಗೆ ಕೊಡಬೇಕು. ‘ಸುಮಾ ಹೋಮ್ ಪ್ರಾಡಕ್ಟ್ಸ್’ ಅಂತ ನನ್ನ ಹೆಸರನ್ನೇ ಇಡಬಹುದಾ? ಹೆಗಡೆ ಅಂತ ಅಡ್ಡಹೆಸರು ಸೇರಿಸಿದರೆ ಹೇಗೆ? ಲೇಬಲ್ ಅಚ್ಚಿಗೆ ಹೋಗುವ ಮೊದಲು ತೀರ್ಮಾನ ಆಗಬೇಕು.

ಲೆಕ್ಕಿಗ:
ನೀವು ಒಂದು ಹೆಸರು ಅಂದುಕೊಂಡಿದ್ದೀರಿ, ಇರುವುದು ಮೂರು. ಪ್ಯಾನ್ ಕಾರ್ಡಿನ ಹೆಸರು, ಜಿಎಸ್‌ಟಿ-ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ)-ಬ್ಯಾಂಕಿನಲ್ಲಿ ಬರೆಸುವ ಟ್ರೇಡ್ ನೇಮ್ ಅಂದರೆ ವ್ಯವಹಾರದ ಹೆಸರು, ಬಾಟ್ಲಿಯ ಮೇಲಿನ ಬ್ರ್ಯಾಂಡ್. ಒಬ್ಬರೇ ಮಾಲೀಕರಾದರೆ ಕಾನೂನಿಗೆ ಕಾಣುವುದು ಮೊದಲನೆಯದು ಮಾತ್ರ. ಅಂಗಡಿಗೆ ಏನೇ ಹೆಸರಿಡಿ, ಸಾಲ, ತೆರಿಗೆ, ಗ್ರಾಹಕರ ದೂರು ಎಲ್ಲ ನಿಮ್ಮ ತಲೆ ಮೇಲೆಯೇ. ಬೇರೆ ಹೆಸರಿಟ್ಟರೆ ಹೊಣೆ ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವ್ಯತ್ಯಾಸ ಆಗುವುದು ದುಡ್ಡು ಬರುವ ದಾರಿಯಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಗ್ರಾಹಕರಿಗೆ ಬಾಟ್ಲಿಯ ಮೇಲಿಲ್ಲದ ಹೆಸರು ಕಂಡರೆ ಕೈ ತಡೆಯುತ್ತಾರೆ. ಸ್ವಂತ ಹೆಸರಾದರೆ ಈ ತಕರಾರಿಲ್ಲ. ಬೇರೆ ಹೆಸರಾದರೆ ಆ ಹೆಸರಿನಲ್ಲೇ ಕರೆಂಟ್ ಅಕೌಂಟ್ ಬೇಕು. ಅದಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ವ್ಯವಹಾರದ ಹೆಸರಿರುವ ಎರಡು ದಾಖಲೆ ಕೇಳುತ್ತಾರೆ: ಉದ್ಯಮ್ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ, ಸ್ಥಳೀಯ ಸಂಸ್ಥೆಯ ಪರವಾನಗಿ, ಇಂಥವು. ಉದ್ಯಮ್ ಸರ್ಕಾರಿ ತಾಣದಲ್ಲಿ ಪುಕ್ಕಟೆ; ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೆಸರನ್ನು ಒಂದೇ ಥರ ಬರೆಸಿ. ಒಂದು ಕಡೆ ಒಂದು ‘ಎ’, ಇನ್ನೊಂದು ಕಡೆ ಎರಡು ‘ಎ’ ಆದರೆ ಅರ್ಜಿ ವಾಪಸ್ ಬಂದಂತೆಯೇ.

ಕಡತ29:
ಟ್ರೇಡ್‌ಮಾರ್ಕ್ ಕಡೆಯಿಂದ ನೋಡಿದರೆ ಸ್ವಂತ ಹೆಸರು ಗುರಾಣಿ ಹೌದು, ಬೇಲಿ ಅಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಪ್ರಾಮಾಣಿಕವಾಗಿ ತನ್ನ ಹೆಸರಲ್ಲೇ ವ್ಯಾಪಾರ ಮಾಡುವವರನ್ನು, ಅದೇ ಹೆಸರು ನೋಂದಾಯಿಸಿಕೊಂಡವರೂ ತಡೆಯುವಂತಿಲ್ಲ. ಪ್ರೆಷಿಯಸ್ ಜ್ಯುವೆಲ್ಸ್ ಮತ್ತು ವರುಣ್ ಜೆಮ್ಸ್ ನಡುವಿನ ಮನೆತನದ ಹೆಸರಿನ ಜಗಳದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಆದರೆ ಇದೇ ಸೆಕ್ಷನ್ ಪಕ್ಕದ ಊರಿನ ಇನ್ನೊಬ್ಬ ಸುಮಾ ಅವರನ್ನೂ ಕಾಯುತ್ತದೆ. ‘ಹೆಗಡೆ’ ಅಂತೂ ಕೇಳಲೇಬೇಡಿ. ಸಾಗರ, ಸಿದ್ದಾಪುರ, ಶಿರಸಿಯಲ್ಲಿ ಕಲ್ಲು ಎಸೆದರೆ ಹೆಗಡೆಯವರ ಅಂಗಳಕ್ಕೇ ಬೀಳುತ್ತದೆ. ‘ಅಪ್ಪೆಮಿಡಿ’, ‘ಮಲೆನಾಡು’, ‘ಮನೆರುಚಿ’ ಥರದ ಪದಗಳನ್ನೂ ನಿಮ್ಮದೇ ಅಂತ ಹಿಡಿದಿಟ್ಟುಕೊಳ್ಳುವುದು ಕಷ್ಟ, ಸರಕನ್ನು ವರ್ಣಿಸುವ ಪದಗಳವು.

ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕುಗಳಿಗೆ ವರ್ಗಗಳಿವೆ: ಉಪ್ಪಿನಕಾಯಿ 29ನೇ ವರ್ಗ, ಚಟ್ನಿಪುಡಿ 30. ಎರಡಕ್ಕೂ ಅರ್ಜಿ ಹಾಕಬೇಕು. ವೈಯಕ್ತಿಕ ಅರ್ಜಿದಾರರಿಗೆ ಆನ್‌ಲೈನಿನಲ್ಲಿ ವರ್ಗಕ್ಕೆ 4,500 ರೂಪಾಯಿ, ಅಂದರೆ 9,000. ಅರ್ಜಿಗೆ ಮೊದಲು ಸಾರ್ವಜನಿಕ ಹುಡುಕಾಟದಲ್ಲಿ ಉಚ್ಚಾರ ಹೋಲುವ ಹೆಸರುಗಳನ್ನೂ ನೋಡಿ. ಕನ್ನಡ ಲಿಪಿಯ ಲೋಗೋ ಆದರೆ ಅದರ ಲಿಪ್ಯಂತರ, ಅರ್ಥ ಅರ್ಜಿಯಲ್ಲೇ ಕೊಡಬೇಕು. ಬಿಟ್ಟರೆ ಆಕ್ಷೇಪಣೆ ಬರುತ್ತದೆ. ಅರ್ಜಿ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ವಿರೋಧಿಸಲು ಬೇರೆಯವರಿಗೆ 4 ತಿಂಗಳು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಗೆ ಮೊದಲು ಹಾಕುವುದು ಅಪರಾಧ. ಅಲ್ಲಿಯವರೆಗೆ ‘ಟಿಎಂ’ ಸಾಕು.

ಮಿಡಿಭರಣಿ:
ಹಾಗಾದರೆ ಅಜ್ಜಿಯ ಹೆಸರು? ಹದ ಅವರದ್ದೇ. ತೀರಿಕೊಂಡು 8 ವರ್ಷ ಆಯಿತು.

ಕಡತ29:
ಬದುಕಿರುವವರ ಅಥವಾ ತೀರಿ 20 ವರ್ಷ ಆಗದವರ ಹೆಸರಾದರೆ 14ನೇ ಸೆಕ್ಷನ್ ಅಡ್ಡ ಬರುತ್ತದೆ. ವಾರಸುದಾರರ ಲಿಖಿತ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು. ಅಂದರೆ ಅಪ್ಪ, ಚಿಕ್ಕಪ್ಪ, ಅತ್ತೆಯರೆಲ್ಲರ ಸಹಿ. ಈಗಲೇ ಹಾಕಿಸಿಟ್ಟುಕೊಳ್ಳಿ. ವ್ಯಾಪಾರ ಕುದುರಿದ ಮೇಲೆ ಸಹಿ ತುಟ್ಟಿಯಾಗುತ್ತದೆ.

ಸಂತೆಚೀಲ:
ಮುಂದೆ ಮಾರುವ, ಪಾಲುದಾರರನ್ನು ಸೇರಿಸಿಕೊಳ್ಳುವ ಯೋಚನೆ ಇದ್ದರೆ ನಿಮ್ಮ ಹೆಸರು ಬೇಡ. ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) ನೋಡಿ, ಮಾವಳ್ಳಿ ಅನ್ನುವ ಜಾಗದ ಹೆಸರು. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು, ಹೋಟೆಲ್ ಕುಟುಂಬದಲ್ಲೇ ಉಳಿಯಿತು. ಕಂಪನಿ ಮಾರಿದ ಸದಾನಂದ ಮಯ್ಯರು ಮತ್ತೆ ಆಹಾರೋದ್ಯಮಕ್ಕೆ ಇಳಿದಾಗ ‘ಮಯ್ಯಾಸ್’ ಅಂತ ಮನೆತನದ ಹೆಸರನ್ನೇ ಇಟ್ಟರು. ಅದು ಮೊದಲೇ ಮಾರಾಟವಾಗಿದ್ದರೆ ಇಡಲು ಏನು ಉಳಿಯುತ್ತಿತ್ತು?

ಲೆಕ್ಕಿಗ:
ಅದು ದೊಡ್ಡವರ ಮಾತಾಯಿತು ಮಾರಾಯ್ರೇ. ತಿಂಗಳಿಗೆ 200 ಬಾಟ್ಲಿಯಲ್ಲಿ ಜನ ಕೇಳುವುದು ‘ಯಾರು ಮಾಡಿದ್ದು?’ ಅಂತ. ಮನೆತಿಂಡಿಗೆ ವ್ಯಕ್ತಿಯ ಹೆಸರೇ ಬಂಡವಾಳ.

ಸಂತೆಚೀಲ:
ಆ ಹೆಸರು ಲೇಬಲ್ಲಿನ ಹಿಂದೆ ಇದ್ದೇ ಇರುತ್ತದಲ್ಲ. ತಯಾರಕರ ಹೆಸರು, ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಸಂಖ್ಯೆ ಹಾಕಲೇಬೇಕು. ಮುಂಭಾಗಕ್ಕೆ ಮನೆ ಹೆಸರೋ ತೋಟದ ಹೆಸರೋ ಇಡಿ, ಹಿಂದೆ ‘ತಯಾರಿಕೆ: ಸುಮಾ’. ಹೆಸರು ಆರಿಸುವಾಗ ಗದ್ದಲದ ಅಂಗಡಿಗೆ ಫೋನ್ ಮಾಡಿ ಒಮ್ಮೆ ಹೇಳಿ, ಬರೆದುಕೊಳ್ಳಲು ಹೇಳಿ. ಸುಮಾ, ಸೀಮಾ, ಉಮಾ ಮೂರೂ ಒಂದೇ ಥರ ಕೇಳುತ್ತದೆ, ಆರ್ಡರ್ ತಪ್ಪುತ್ತದೆ. ಅಂಗಡಿ ತೆರೆದು ಬೋರ್ಡ್ ಬರೆಸುವುದಾದರೆ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಕನ್ನಡದಲ್ಲಿ ಚೆಂದ ಕಾಣದ ಹೆಸರು ಅಲ್ಲೇ ಸೋಲುತ್ತದೆ. ಇನ್ನೊಂದು, ಒಂದೇ ಸಲ 5,000 ಲೇಬಲ್ ಹೊಡೆಸಬೇಡಿ. 200 ಸಾಕು, ಅದೂ ಪ್ಲಾಸ್ಟಿಕ್ ಹಾಳೆಯದ್ದು. ಕಾಗದದ್ದಾದರೆ ಮಿಡಿಯ ಎಣ್ಣೆ ತಾಗಿ ಹೆಸರೇ ಕಲೆಯಾಗುತ್ತದೆ.