ಒಂದೆರಡು ಆಕಳಿನ ಮನೆಗೆ ಚರ್ಮಗಂಟು ಬಂದರೆ ಮೊದಲು ಏನು ಮಾಡಬೇಕು? ಉತ್ತರ ಕನ್ನಡದವರ ಅನುಭವ

ಕೇಳಿದವರು: ಅಂಕೋಲಾ ತಾಲೂಕಿನ ಒಂದು ಹಳ್ಳಿಯಿಂದ

ನಮ್ಮದು ಎರಡು ಆಕಳು, ಒಂದು ಕರು. ಹಾಲಿನ ದುಡ್ಡಿನಲ್ಲೇ ದಿನಸಿ ಬರಬೇಕು. ಮೊನ್ನೆಯಿಂದ ದೊಡ್ಡ ಆಕಳ ಮೈಮೇಲೆ ಗಂಟು ಎದ್ದಿದೆ. ಜ್ವರ ಇದೆ, ಹುಲ್ಲು ಮೂಸಿ ಬಿಡುತ್ತದೆ. ಇನ್ನೊಂದು ಗಬ್ಬದ್ದು, ಅದು ಸದ್ಯ ಸರಿ ಇದೆ. ಚರ್ಮಗಂಟು ರೋಗವೇ ಇರಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೊರಗೆ ಬಾಯಿ ಬಿಡಬೇಡ, ಡೈರಿಯಲ್ಲಿ ಹಾಲು ತಗೊಳ್ಳೋದಿಲ್ಲ ಅಂತಲೂ ಹೆದರಿಸುತ್ತಾರೆ. ಪಶು ಆಸ್ಪತ್ರೆ ದೂರ. ಮಕ್ಕಳಿಗೆ ಹಾಲು ಕೊಡಬಹುದಾ? ಕೈಯಲ್ಲಿ ದುಡ್ಡು ಕಮ್ಮಿ ಇರುವವರು ಮೊದಲು ಏನು ಮಾಡಬೇಕು? ದನ ಸಾಕಿ ಗೊತ್ತಿದ್ದವರು ಹೇಳಿ.

ಶಿರಸಿ ಕಡೆಯಿಂದ, ಹೈನು ಮಾಡುವ ಮಹಿಳೆ

ತಂಗಿ, ಮೊದಲು ಬಾಯಿ ಬಿಡು. ಮುಚ್ಚಿಡಬೇಡ. 2022ರಲ್ಲಿ ನಮ್ಮ ಕಡೆ ಈ ರೋಗ ಬಂದಾಗ ನಾನು ಕಣ್ಣಾರೆ ಕಂಡದ್ದು ಇದು. ಮೊದಲ ಆಕಳಿಗೆ ಬಂದ ಕೂಡಲೇ ಹೇಳಿದ ಕೇರಿಯಲ್ಲಿ ಉಳಿದ ದನಗಳಿಗೆ ಲಸಿಕೆ ಬೇಗ ಬಿತ್ತು. ಮುಚ್ಚಿಟ್ಟ ಕೇರಿಯಲ್ಲಿ ಡಾಕ್ಟರು ಬರುವಷ್ಟರಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ದಾಟಿ ಆಗಿತ್ತು. ನಿನ್ನ ಆಕಳ ಗುಟ್ಟು ಉಳಿಸಿದರೆ ಪಕ್ಕದ ಮನೆಯ ಕರು ಹೋಗಬಹುದು. ಅವರ ಮನೆಯಲ್ಲೂ ಹಾಲಿನ ದುಡ್ಡಿನಲ್ಲೇ ದಿನಸಿ ಬರೋದು, ಅಲ್ವಾ?

ಇವತ್ತೇ ಮಾಡಬೇಕಾದ ಕೆಲಸಕ್ಕೆ ದುಡ್ಡು ಬೇಡ. ಕಾಯಿಲೆ ಬಿದ್ದ ಆಕಳನ್ನು ಬೇರೆ ಕಡೆ ಕಟ್ಟು. ಬೇರೆ ಕೊಟ್ಟಿಗೆ ಇಲ್ಲದಿದ್ದರೆ ಅಂಗಳದ ಮೂಲೆಯಲ್ಲಿ ಒಂದು ಚಪ್ಪರ ಸಾಕು. ಅದಕ್ಕೆ ಬೇರೆ ಬಕೆಟ್ಟು, ಬೇರೆ ಹಗ್ಗ. ಬೆಟ್ಟಕ್ಕೆ ಮೇಯಲು ಬಿಡಬೇಡ. ಹಾಲು ಕರೆಯುವಾಗ ಚೆನ್ನಾಗಿರುವುದನ್ನು ಮೊದಲು ಕರೆ, ಕಾಯಿಲೆಯದ್ದನ್ನು ಕಡೆಗೆ. ಆಮೇಲೆ ಕೈಕಾಲು ಸೋಪಿನಲ್ಲಿ ತೊಳೆದುಕೊಂಡೇ ಒಳಗೆ ಬಾ.

ಈ ರೋಗವನ್ನು ಜಾಸ್ತಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣುಗು. ನಮ್ಮ ಜಿಲ್ಲೆಯಲ್ಲಿ ಕೊಟ್ಟಿಗೆಗೆ ಸೊಪ್ಪು, ದರಕು (ಉದುರಿದ ಒಣ ಎಲೆ) ಹಾಸಿ ಗೊಬ್ಬರ ಮಾಡುವುದು ರೂಢಿ. ಅದನ್ನು ಬಿಡು ಅಂತ ನಾನು ಹೇಳೋದಿಲ್ಲ. ತೋಟಕ್ಕೆ, ಗದ್ದೆಗೆ ಗೊಬ್ಬರ ಬೇಕೇ ಬೇಕು. ಆದರೆ ಮಳೆಗಾಲದಲ್ಲಿ ಆ ಹಾಸು ನೆನೆದು ಕೊಳೆತರೆ ನೊಣ ಮೊಟ್ಟೆ ಇಡುವುದು ಅಲ್ಲೇ. ರೋಗ ಇರುವಷ್ಟು ದಿನವಾದರೂ ದಿನಾ ಸಗಣಿ, ಹಾಸು ತೆಗೆದು ದೂರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚು. ನೆಲ ಒಣಗಲಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಒಳ್ಳೆಯದು. ಆದರೆ ಹುಲ್ಲಿನ ಮಾಡಿನ ಕೆಳಗೆ ಬೇಡ, ಬೆಂಕಿ ಇರುವಷ್ಟು ಹೊತ್ತು ಯಾರಾದರೂ ಹತ್ತಿರ ಇರಬೇಕು.

ಮನೆಮದ್ದನ್ನೂ ಹೇಳುತ್ತೇನೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು ತಿಳಿಸಿದ ಮದ್ದು ಇದು, ನಮ್ಮ ತೋಟದಲ್ಲೇ ಸಿಗುತ್ತದೆ. 10 ವೀಳ್ಯದೆಲೆ, 10 ಗ್ರಾಂ ಕಾಳುಮೆಣಸು, 10 ಗ್ರಾಂ ಉಪ್ಪು ಅರೆದು, ಬೆಲ್ಲ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ನಾಲಿಗೆಗೆ ಸವರಿ ತಿನ್ನಿಸುವುದು. ಮೊದಲ ದಿನ ಮೂರು ತಾಸಿಗೊಮ್ಮೆ, ಆಮೇಲೆ ದಿನಕ್ಕೆ ಮೂರು ಸಲ, ಪ್ರತಿ ಸಲ ಹೊಸದಾಗಿ ಅರೆದು. ಗಂಟು ಒಡೆದು ಹುಣ್ಣಾದರೆ ಬೇವಿನ ಸೊಪ್ಪು, ತುಳಸಿ, ಬೆಳ್ಳುಳ್ಳಿ, ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಆರಿಸಿ ಹಚ್ಚು. ಇದರಿಂದ ಆಕಳಿಗೆ ಸುಧಾರಿಸಿಕೊಳ್ಳಲು ಅನುಕೂಲ ಆಗುತ್ತದೆ. ಡಾಕ್ಟರ ಬದಲಿಗೆ ಇದು ಅಂತ ಮಾತ್ರ ತಿಳಿಯಬೇಡ. ಗಂಟನ್ನು ಹಿಚುಕಿ ಒಡೆಯಲೂ ಹೋಗಬೇಡ.

ಕಾರವಾರದಿಂದ

1962ಕ್ಕೆ ಫೋನ್ ಮಾಡಿ ಅಕ್ಕಾ. ಪಶು ಸಂಜೀವಿನಿ ಗಾಡಿ ಮನೆ ಬಾಗಿಲಿಗೇ ಬರುತ್ತದೆ, ಕರೆಗೆ ದುಡ್ಡಿಲ್ಲ. ಊರಿನ ಗುರುತು, ರಸ್ತೆ ಎಲ್ಲಿವರೆಗೆ ಇದೆ ಅನ್ನೋದನ್ನು ಸರಿಯಾಗಿ ಹೇಳಿ. ನೆಟ್‌ವರ್ಕ್ ಸಿಗದ ಊರಾದರೆ ಪಂಚಾಯತಿಯ ಪಶು ಸಖಿಯ (ದನಕರುಗಳ ಆರೈಕೆಗೆ ತರಬೇತಿ ಪಡೆದ ಊರಿನ ಹೆಂಗಸು) ಹತ್ತಿರ ಹೇಳಿ ಮಾಡಿಸಿ.

ಕುಮಟಾದಿಂದ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಹಾಲಿನ ಪ್ರಶ್ನೆ ಮೊದಲು. ಚರ್ಮಗಂಟು ಮನುಷ್ಯರಿಗೆ ಬರುವುದಿಲ್ಲ. ಚೆನ್ನಾಗಿ ಕುದಿಸಿದ ಹಾಲನ್ನು ಮಕ್ಕಳಿಗೆ ಕೊಡಬಹುದು. ಆದರೆ ಆಕಳಿಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟಿದ್ದರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಡಾಕ್ಟರನ್ನು ಕೇಳಿ, ಅಷ್ಟು ದಿನ ಮನೆಗೂ ಬೇಡ, ಡೈರಿಗೂ ಬೇಡ. ಕರುವನ್ನು ಮೊಲೆಗೆ ಬಿಡಬೇಡಿ. ಕುದಿಸಿ ಆರಿಸಿದ ಹಾಲು ಕುಡಿಸಿ. ಈ ರೋಗದಲ್ಲಿ ದೊಡ್ಡ ದನ ಹೆಚ್ಚಿನವು ಬದುಕುತ್ತವೆ. ಕಷ್ಟ ಜಾಸ್ತಿ ಕರುಗಳಿಗೇ.

ಗಂಟು ಅಂದಮಾತ್ರಕ್ಕೆ ಎಲ್ಲವೂ ಚರ್ಮಗಂಟು ಅಲ್ಲ. ಪಿತ್ತಗಂಧೆಯಲ್ಲೂ ಮೈ ದಪ್ಪ ದಪ್ಪ ಏಳುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮಗಂಟಿನಲ್ಲಿ ಜೋರು ಜ್ವರ, ಕಣ್ಣು ಮೂಗಲ್ಲಿ ನೀರು, ಗಟ್ಟಿಯಾದ ದುಂಡನೆಯ ಗಂಟು, ಕೆಲವಕ್ಕೆ ಕಾಲು ಮತ್ತು ಎದೆಯ ಕೆಳಗೆ ಬಾವು. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಕುಂಟು ಇದ್ದರೆ ಅದು ಕಾಲುಬಾಯಿ ಜ್ವರ ಇರಬಹುದು. ಎರಡಕ್ಕೂ ಲಸಿಕೆ ಬೇರೆ ಬೇರೆ. ಹಾಗಾಗಿ ಯಾವ ರೋಗ ಅಂತ ಡಾಕ್ಟರೇ ನೋಡಿ ಹೇಳಲಿ.

ಲಸಿಕೆ ರೋಗ ಬಂದ ಆಕಳಿಗೆ ಅಲ್ಲ, ಚೆನ್ನಾಗಿರುವ ದನಕ್ಕೆ. ನಮ್ಮಲ್ಲಿ ಚರ್ಮಗಂಟಿಗೆ ಕೊಟ್ಟದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ರೋಗದ ವೈರಸ್ಸು ಒಂದೇ ಜಾತಿಯವು, ಅದಕ್ಕೇ ಅದು ಕೆಲಸ ಮಾಡುತ್ತದೆ. ನಾಲ್ಕು ತಿಂಗಳು ದಾಟಿದ ದನಕ್ಕೆ ಹಾಕುತ್ತಾರೆ. ಮೈಯಲ್ಲಿ ಶಕ್ತಿ ಬರಲು ಸುಮಾರು ಮೂರು ವಾರ ಬೇಕು. ಆ ನಡುವೆ ರೋಗ ಬಂದರೆ ಜನ ಲಸಿಕೆಯಿಂದಲೇ ಬಂತು ಅಂತಾರೆ. ಅದಾಗಲೇ ಒಳಗೆ ಹೊಕ್ಕ, ಇಲ್ಲವೇ ಶಕ್ತಿ ಬರುವ ಮೊದಲೇ ತಗುಲಿದ ರೋಗ ಆಮೇಲೆ ಹೊರಗೆ ಕಂಡದ್ದು, ಅಷ್ಟೇ. ನಿಮ್ಮ ಗಬ್ಬದ ಆಕಳಿಗೆ ಎಷ್ಟು ತಿಂಗಳು ಅಂತ ಡಾಕ್ಟರಿಗೆ ಹೇಳಿ, ರೋಗದ ಆಕಳ ಜೊತೆ ಇತ್ತು ಅಂತಲೂ ಹೇಳಿ. ಹಾಕಬೇಕೋ, ಕಾಯಬೇಕೋ ಅವರೇ ನೋಡುತ್ತಾರೆ.

ಇನ್ನೊಂದು ಮುಖ್ಯ ಮಾತು. ಹುಲ್ಲು ತಿನ್ನುವುದಿಲ್ಲ ಅಂತ ಹೆಂಗಸರು ಪಾಪ, ಅನ್ನ ಗಂಜಿ ಬಕೆಟ್ಟುಗಟ್ಟಲೆ ಕುಡಿಸುತ್ತಾರೆ. ಮಾಡಬೇಡಿ. ಅನ್ನ ಜಾಸ್ತಿಯಾದರೆ ಹೊಟ್ಟೆ ಹುಳಿಯಾಗಿ ಆಕಳು ಅದರಿಂದಲೇ ಸಾಯಬಹುದು. ಎಳೆ ಹಸಿ ಹುಲ್ಲು, ಬೆಲ್ಲ ಮತ್ತು ಚಿಟಿಕೆ ಉಪ್ಪು ಹಾಕಿದ ನೀರು ಕೊಡಿ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ನೋವಿನ ಮಾತ್ರೆ ತಂದು ತಿನ್ನಿಸಬೇಡಿ.

ಯಲ್ಲಾಪುರ ಕಡೆಯಿಂದ, ಗೌಳಿವಾಡದಲ್ಲಿ ಎಮ್ಮೆ ಸಾಕುವವರು

ನಮ್ಮಲ್ಲಿ ಚರ್ಮಗಂಟಿಗಿಂತ ಹೆದರಿಕೆ ಗಳಲೆ ರೋಗಕ್ಕೆ. ಮಳೆ ಹಿಡಿದ ಮೇಲೆ ಬರುತ್ತದೆ. ಜ್ವರ, ಗಂಟಲು ಬಾವು, ಉಸಿರಾಡುವಾಗ ಗೊರ ಗೊರ ಸದ್ದು. ಸಂಜೆ ಕಂಡರೆ ಬೆಳಗ್ಗೆ ಎಮ್ಮೆ ಇರುವುದಿಲ್ಲ. ಮದ್ದಿಗೆ ಹೊತ್ತೇ ಸಿಗುವುದಿಲ್ಲ. ಇದಕ್ಕೆ ಲಸಿಕೆ ಮಳೆಗಿಂತ ಮೊದಲು, ಮೇ ತಿಂಗಳಲ್ಲೇ ಆಗಬೇಕು. ಎಮ್ಮೆ ಕಾಡಿಗೆ ಹೋದ ಮೇಲೆ ಲಸಿಕೆಯವರು ಬಂದರೆ ಒಂದೂ ಸಿಗುವುದಿಲ್ಲ. ಅದಕ್ಕೇ ನಾವು ಹಿಂದಿನ ದಿನವೇ ಕೇಳಿಕೊಂಡು, ಬೆಳಗ್ಗೆ ಎಲ್ಲ ಎಮ್ಮೆಗಳನ್ನು ಒಂದೇ ಕಡೆ ಕಟ್ಟಿ ಕಾಯುತ್ತೇವೆ. ನಿಮ್ಮ ಕೇರಿಯವರೂ ಹಾಗೆ ಸೇರಿದರೆ ಒಂದು ಬೆಳಗ್ಗೆ ಮುಗಿಯುತ್ತದೆ.

ಸಿದ್ದಾಪುರದಿಂದ

ಉಣುಗಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮಗೆ ಉಣುಗು ಅಂದರೆ ಮಂಗನ ಕಾಯಿಲೆ, ಉಣುಗು ಕಚ್ಚಿ ಮನುಷ್ಯರಿಗೆ ಬರುವ ಜ್ವರ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ. ಆದರೆ ಕಾಡಿನ ಉಣುಗು ದನದ ಮೈಮೇಲೆ ಕೂತು ಕೊಟ್ಟಿಗೆಗೆ ಬರುತ್ತದೆ. ದರಕಿನ ಹೊರೆಯಲ್ಲೂ ಬರುತ್ತದೆ. ಆ ಹೊರೆ ಹೊರುವುದು ಹೆಂಗಸರು, ಅದೂ ಕಾಯಿಲೆ ಜೋರಿರುವ ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲೇ. ಇದು ನನಗೆ ಬಹಳ ಬೇಸರದ ವಿಷಯ. ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ದೇಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ನೆನೆಹಾಕಿ. ಮಂಗ ಸತ್ತ ಜಾಗಕ್ಕೆ ದನ ಹೊಡೆಯಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ದನದ ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಲ್ಲಿ ಒತ್ತಬೇಡಿ. ಬೆನ್ನ ಮೇಲೆ ಸುರಿಯುವ ಔಷಧ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. 1962ಕ್ಕೆ ಮಾಡಿದೆ, ನಾಳೆ ಬರುತ್ತಾರಂತೆ. ಆಕಳನ್ನು ಬೇರೆ ಕಟ್ಟಿದ್ದೇವೆ. ಅಕ್ಕಪಕ್ಕದ ಮನೆಗೂ ಹೇಳಿದೆ. ಒಬ್ಬರು ಬೈದರು, ಇಬ್ಬರು ತಮ್ಮ ದನಕ್ಕೂ ಲಸಿಕೆ ಹಾಕಿಸುತ್ತೇವೆ ಅಂದರು. ಇನ್ನೊಂದು ಕೇಳಬೇಕಿತ್ತು. ಗಬ್ಬದ ಆಕಳು ಅಕಸ್ಮಾತ್ ಕಂದು ಹಾಕಿದರೆ? ಆಕಳ ಕಿವಿಗೆ ನಂಬರಿನ ಓಲೆಯನ್ನೂ ಹಾಕಿಸಿಲ್ಲ, ಅದು ಬೇಕೇ ಬೇಕಾ?

ಕುಮಟಾದಿಂದ, ಮತ್ತೆ

ಬೇಕು. ಆ ಹಳದಿ ಓಲೆಯ 12 ಅಂಕಿಯೇ ಆಕಳ ಗುರುತು. ಲಸಿಕೆ ಬರೆದುಕೊಳ್ಳುವುದು, ವಿಮೆ, ಪರಿಹಾರ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ನಾಳೆ ಬಂದಾಗಲೇ ಕೇಳಿ ನೋಡಿ. ದೇವರು ಹಾಗೆ ಮಾಡದಿರಲಿ, ಯಾವ ದನವಾದರೂ ಸತ್ತರೆ ಹೂಳುವ ಮೊದಲು ಡಾಕ್ಟರಿಗೆ ತಿಳಿಸಿ. ಅವರು ನೋಡಿ ಬರೆದುಕೊಡದೆ ಪರಿಹಾರ ಕೇಳಲು ಆಗುವುದಿಲ್ಲ. ಹೊಳೆಗೆ, ಸಮುದ್ರಕ್ಕೆ ಎಸೆಯಬೇಡಿ. ಬಾವಿಯಿಂದ ದೂರ ಆಳವಾದ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿ. ಕರಾವಳಿಯಲ್ಲಿ ಸ್ವಲ್ಪ ಅಗೆದರೇ ನೀರು ಸಿಗುತ್ತದೆ, ಆದ್ದರಿಂದ ಎತ್ತರದ ಜಾಗವನ್ನೇ ಹುಡುಕಿ.

ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಾಸನ್ನು ನಾಯಿ ಎಳೆಯಲು ಬಿಡಬೇಡಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು ಎತ್ತಿ ಹೂಳಿ. ಚರ್ಮಗಂಟಿನ ಜ್ವರದಿಂದಲೂ ಗಬ್ಬ ಹೋಗಬಹುದು, ಬ್ರುಸೆಲ್ಲಾ ಅನ್ನುವ ಕಂದು ರೋಗದಿಂದಲೂ ಹೋಗಬಹುದು. ಎರಡನೆಯದು ಮನುಷ್ಯರಿಗೂ ಬರುತ್ತದೆ, ಹಸಿ ಹಾಲಿನಿಂದಲೂ ಬರುತ್ತದೆ. ಮನೆಯವರಿಗೆ ಜ್ವರ ಬಿಟ್ಟು ಬಿಟ್ಟು ಬರುವುದು, ಕೀಲು ನೋವು ಶುರುವಾದರೆ, ನಮ್ಮ ಆಕಳು ಕಂದು ಹಾಕಿತ್ತು ಅಂತ ಆಸ್ಪತ್ರೆಯಲ್ಲಿ ಹೇಳಲೇಬೇಕು. ನಿಮ್ಮ ಕರು ಹೆಣ್ಣಾಗಿದ್ದರೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಅದಕ್ಕೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. ಸರ್ಕಾರದಿಂದ ಪುಕ್ಕಟೆ, ಜನ್ಮಕ್ಕೆ ಒಂದೇ ಸಲ. ಕರುವಿಗೆ ಈಗ ಎಷ್ಟು ತಿಂಗಳು?