ನಾಲ್ಕನೇ ಹರ್ಡಲ್‌ಗೇ ಹಿಂಗಾಲು ಬಡಿಯುತ್ತೆ, ಏನು ಮಾಡ್ಲಿ?

ದುರ್ಗದ_ಹುಡುಗ: ಮೊದಲ ಮೂರು ಸಲೀಸು. ನಾಲ್ಕನೇದಕ್ಕೆ ಪ್ರತಿ ಸಲ ಹಿಂಗಾಲಿನ (ಕೊನೆಗೆ ದಾಟೋ ಕಾಲಿನ) ಒಳಗಿನ ಹರಡು ಬಡೀತೈತೆ. ಸ್ಟ್ರೆಚಿಂಗ್ ಮಾಡಿ ಮಾಡಿ ಸಾಕಾಗೈತೆ. ಬೇರೆ ಏನಾದ್ರೂ ಹೇಳ್ರಪ್ಪಾ.

ಬೆಣ್ಣೆನಗರಿ110: ಸೊಂಟ ಬಿಗಿ ಐತಿ. ಹರ್ಡಲ್ ಪಕ್ಕ ಗೋಡೆ ಹಿಡ್ಕೊಂಡು ನಿಂತು ಹಿಂಗಾಲು ಮೇಲಿಂದ ತಗೀರಿ. ಮಂಡಿ ಕಂಕುಳ ಕಡೆ ಬರಬೇಕು, ಹೆಬ್ಬೆರಳು ಮೇಲಕ್ಕೆ. ಬೆರಳು ಕೆಳಗೆ ಜೋತ್ರೆ ಹರಡು ಬಡಿಯೋದೇ. ಕಾಲಿಗೆ 10ರಂತೆ 3 ಸೆಟ್.

ಸುಣ್ಣದ_ಗೆರೆ: ಸೊಂಟ ಬಿಗಿ ಇದ್ರೆ ಒಂದನೇದಕ್ಕೇ ಬಡೀಬೇಕಲ್ರೀ? ವಯಸ್ಸು, ಹರ್ಡಲ್ ಎತ್ತರ, ಟೇಕಾಫ್ ದೂರ (ಎಗರೋ ಜಾಗದಿಂದ ಹರ್ಡಲ್‌ಗೆ ಎಷ್ಟು ಅಂತ) ಒಂದೂ ಬರೆದಿಲ್ಲ ಅವರು.

ದುರ್ಗದ_ಹುಡುಗ: 18ರ ಒಳಗೆ, 110 ಮೀ., 91.4 ಸೆಂ.ಮೀ. ಅದು ಗೊತ್ತಿರೋದೇ ಅಲ್ವಾ?

ಬೆಣ್ಣೆನಗರಿ110: ನಾಲ್ಕನೇದಕ್ಕೆ ಬರೋ ಹೊತ್ತಿಗೆ ಸೊಂಟ ದಣಿದಿರ್ತೈತಿ. ಅದಕ್ಕೇ ಅಲ್ಲಿ ಬಡಿಯೋದು.

ಸುಣ್ಣದ_ಗೆರೆ: ನಾಲ್ಕನೇದಕ್ಕೇ ದಣಿವಾ? ಅಲ್ಲಿ ವೇಗ ಇನ್ನೂ ಏರ್ತಾ ಇರುತ್ತೆ. ವೇಗ ಏರಿದಂಗೆ ಹೆಜ್ಜೆ ಉದ್ದ ಆಗುತ್ತೆ, ಹರ್ಡಲ್‌ಗಳ ನಡುವಿನ ಅಂತರ ಮಾತ್ರ ಅದೇ 9.14 ಮೀ. ಹರ್ಡಲ್ ಮೈಮೇಲೇ ಬರುತ್ತೆ. ಹತ್ತಿರದಿಂದ ಎಗರಿದ್ರೆ ಹಿಂಗಾಲು ಸುತ್ತಿ ಬರೋಕೆ ಜಾಗ ಎಲ್ಲಿ? ಒಂದನೇ ಮತ್ತೆ ನಾಲ್ಕನೇ ಹರ್ಡಲ್ ಮುಂದೆ ಒಂದೂವರೆಯಿಂದ ಎರಡೂವರೆ ಮೀಟರ್‌ವರೆಗೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ ಓಡಿ. ಸ್ಪೈಕ್ ಶೂನ ಮುಳ್ಳಿನ ತೂತು ಸ್ಪಷ್ಟ ಬೀಳುತ್ತೆ. ತುದಿ ಮುಳ್ಳಿಂದ ಹರ್ಡಲ್‌ಗೆ ಅಳೀರಿ. 2 ಮೀ. ಆಸುಪಾಸು ಇರಬೇಕು, ದಾಟಿ ಇಳಿಯೋದು 1.2 ಮೀ. ಹತ್ತಿರ.

ಪೈಪ್_ಮೇಸ್ತ್ರಿ: ಇಷ್ಟೆಲ್ಲಾ ಯಾಕ್ರೀ, ಪಿವಿಸಿ ಪೈಪ್ ಹರ್ಡಲ್ ಮಾಡ್ಕೊಳ್ರಿ, ಬಡಿದ್ರೂ ನೋಯಲ್ಲ. ನಮ್ಮಲ್ಲಿ ಹನ್ನೆರಡು ಅದಾವು, ನಾಕು ಎತ್ತರಕ್ಕೂ ತೂತು ಕೊರೆದಿದೀವಿ.

ಬೆಣ್ಣೆನಗರಿ110: ನೋಯದಿದ್ರೆ ತಪ್ಪೂ ಗೊತ್ತಾಗಲ್ಲ. ನಿಜವಾದ್ದು ಬೀಳೋಕೆ 3.6ರಿಂದ 4 ಕಿಲೋ ಬಲ ಬೇಕು.

ಪೈಪ್_ಮೇಸ್ತ್ರಿ: ಮೈದಾನದಾಗೆ ಅರ್ಧ ಜನ ಅದನ್ನ ತಿರುಗಾಮುರುಗಾ ಇಡ್ತಾರೆ. ಹರ್ಡಲ್‌ನ ಪಾದ ಓಡಿ ಬರೋರ ಕಡೆ ಇಲ್ಲಾಂದ್ರೆ ಎಷ್ಟು ಕಿಲೋ ಆದ್ರೂ ಬೀಳಲ್ಲ, ಹುಡುಗರು ಬೀಳ್ತಾರೆ.

ದುರ್ಗದ_ಹುಡುಗ: ಅಳೆದೆ. ಒಂದನೇದು 2.05. ನಾಲ್ಕನೇದು 1.70!

ಸುಣ್ಣದ_ಗೆರೆ: ಸಿಕ್ತು ನೋಡಿ. ಹರ್ಡಲ್‌ಗಳ ನಡುವಿನ ಮೂರು ಹೆಜ್ಜೇಲಿ ಮೂರನೇದು ಎರಡನೇದಕ್ಕಿಂತ 10–15 ಸೆಂ.ಮೀ. ಗಿಡ್ಡ ಇರಬೇಕು, ಪಾದ ಬೇಗ ನೆಲಕ್ಕೆ ಬರಬೇಕು. ಎತ್ತರ 84ಕ್ಕೆ ಇಳಿಸಿ, ಅಂತರ 8.75 ಮಾಡಿ, 5 ಹರ್ಡಲ್ ಇಡಿ. ಐದು ಓಟ, ನಡುವೆ 6 ನಿಮಿಷ ಬಿಡುವು. ಹೆಜ್ಜೆ ಎಳೆಯೋಕೆ ಜಾಗನೇ ಇರಲ್ಲ, ತಾನಾಗೇ ಚುರುಕಾಗುತ್ತೆ. ಅಂದ್ಹಾಗೆ, ಈಗ ಅಂತರ ಟೇಪಲ್ಲೇ ಅಳೆದು ಇಟ್ಟಿದೀರಿ ತಾನೆ?

ದುರ್ಗದ_ಹುಡುಗ: ಹರ್ಡಲ್ ಇಡೋವಾಗ ಟೇಪ್ ಇರಲಿಲ್ಲ. ಪಾದ ಅಳತೆ.

ಸುಣ್ಣದ_ಗೆರೆ: ಅಯ್ಯೋ ಮಾರಾಯ! ಮೂರಕ್ಕೂ ನಾಲ್ಕಕ್ಕೂ ನಡುವೆ ಟೇಪ್ ಹಿಡಿದು ಬಂದು ಬರೀರಿ ಮೊದಲು.

ಬೆಣ್ಣೆನಗರಿ110: 9.14 ಸರಿಯಾಗೇ ಇದ್ರೆ, ಸೊಂಟ.